ಮೂರನೆಯ ತಿರುವಿನ ಧೂಳು

“ಸಾಕ್ಷಿ ಕೈಗೆ ಸಿಕ್ಕಿದ ಮೇಲೂ ಸಂಶಯಪಡಬೇಕೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಬ್ಬ ವಕೀಲನ ಕತೆ ಹೇಳಿದರು.

ಒಂದು ರಕ್ಷಿತಾರಣ್ಯದ ನಡುವೆ ಬೆಟ್ಟವಿತ್ತು. ವರ್ಷಕ್ಕೊಂದು ಬೆಳಗ್ಗೆ ಅದನ್ನು ಓಡಿ ಹತ್ತುವ ಪಂದ್ಯಕ್ಕೆ ಅನುಮತಿ ಸಿಗುತ್ತಿತ್ತು. ಷರತ್ತು ಒಂದೇ. ಕಾಲುದಾರಿ ಬಿಟ್ಟು ಕಾಡಿಗೆ ಇಳಿದವರು ಮತ್ತೆಂದೂ ಆ ಕಾಡಿನ ಗೇಟು ದಾಟುವಂತಿಲ್ಲ.

ವಕೀಲ ಎರಡು ವರ್ಷ ಸತತವಾಗಿ ಮೊದಲಿಗನಾಗಿದ್ದ. ಮೂರನೆಯ ವರ್ಷ ಒಬ್ಬ ನೀರು ಹೊರುವ ಹೆಂಗಸು ಹೆಸರು ಕೊಟ್ಟಳು. ಬೆಟ್ಟದ ಅರ್ಧದಲ್ಲಿರುವ ಕಾವಲು ಗುಡಿಸಲಿಗೆ ದಿನಕ್ಕೆ ಎರಡು ಸಲ ನೀರು ಹೊತ್ತು ಹಾಕುವುದು ಅವಳ ಕೆಲಸ. ಗೇಟು ಮುಚ್ಚಿದರೆ ವಕೀಲ ಕಳೆದುಕೊಳ್ಳುವುದು ಒಂದು ಹವ್ಯಾಸ. ಅವಳ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ವಕೀಲ ಅವಳ ಕಾಲು ನೋಡಿದ. ರಬ್ಬರ್ ಚಪ್ಪಲಿ. ಇಂಥವಳು ಸುಮ್ಮನೆ ಹೆಸರು ಕೊಟ್ಟಿರಲಾರಳು ಅನ್ನಿಸಿತು. ಇವಳ ಬದಲು ಓಡಿ ಮುಗಿಸಲು ಇವಳನ್ನೇ ಹೋಲುವ ತಂಗಿಯೊಬ್ಬಳು ಮೇಲೆ ಎಲ್ಲೋ ಪೊದೆಯಲ್ಲಿ ಕುಳಿತಿರಬಹುದು. ಓಟಗಾರರೆಲ್ಲ ಗೇಟಿನ ಬಳಿ ನಿಂತು ಕಾವಲುಗಾರ ಹೇಳುವುದನ್ನು ಕೇಳುತ್ತಿದ್ದಾಗ, ಅವನು ಪಕ್ಕದ ಮೇಜಿನ ಗುಮಾಸ್ತನನ್ನು ಹಿಡಿದುಕೊಂಡು ಅವಳಿಗೆ ಅಕ್ಕತಂಗಿಯರು ಎಷ್ಟು ಎಂದು ವಿಚಾರಿಸುತ್ತಿದ್ದ.

ಓಟ ಶುರುವಾಯಿತು. ಮೊದಲ ತಿರುವಿನ ಹೊತ್ತಿಗೆ ಅವರಿಬ್ಬರೇ ಮುಂದಿದ್ದರು. ಎರಡನೆಯದರಲ್ಲಿ ಅವನಿಗೆ ಅವಳ ಬೆನ್ನು ಕಂಡಿತು. ಮೂರನೆಯದರಲ್ಲಿ ಅದೂ ಕಾಣಲಿಲ್ಲ.

ಅಲ್ಲಿ ದಾರಿಗೆ ಅಡ್ಡಲಾಗಿ, ಎರಡು ಮೊಳ ಅಗಲಕ್ಕೆ, ಜರಡಿ ಹಿಡಿದಂಥ ನಯವಾದ ಧೂಳು ಹಾಸಿತ್ತು. ವಕೀಲ ಅದರ ನಡುವೆ ಕಾಲಿಟ್ಟ, ನಿಂತ, ಬಗ್ಗಿ ನೋಡಿದ. ತನ್ನ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆ ಇಲ್ಲ. ಎಡಕ್ಕೆ ನೋಡಿದ. ಧೂಳಿಗಿಂತ ಸ್ವಲ್ಪ ಹಿಂದೆ, ಕಾಲುದಾರಿಯಿಂದ ಕವಲೊಡೆದು, ಆನೆಗಳು ನಡೆದು ನಡೆದು ಆದ ದಾರಿಯೊಂದು ನೆಟ್ಟಗೆ ಮೇಲಕ್ಕೆ ಹೋಗಿತ್ತು. ಅವಳು ಅದನ್ನೇ ಹಿಡಿದಿರಬೇಕು. ಎಲ್ಲ ಸರಿಹೊಂದಿತು. ಹೀಗೆ ತಾನಾಗಿ ಸರಿಹೊಂದುವ ಸಾಕ್ಷಿಯನ್ನು ಎದುರು ಪಕ್ಷದವರು ತಂದಿದ್ದರೆ ಅವನು ಅರ್ಧ ದಿನ ಪಾಟೀಸವಾಲು ಮಾಡುತ್ತಿದ್ದ. ಆ ದಿನ ಫೋನ್ ತೆಗೆದು ಫೋಟೋ ಹಿಡಿದ.

ಅವನು ತುದಿ ಮುಟ್ಟಿದಾಗ ಅವಳು ಬಂಡೆಯ ಮೇಲೆ ಕುಳಿತು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು. ತೀರ್ಪುಗಾರ ಪಟ್ಟಣದವನು. ಬೆಟ್ಟದ ಇನ್ನೊಂದು ಮಗ್ಗುಲಿನಿಂದ ಜೀಪಿನಲ್ಲಿ ಬಂದು ಕುಳಿತಿದ್ದ; ಕಾಲುದಾರಿಯನ್ನು ಕಂಡವನಲ್ಲ. ವಕೀಲ ಅವನನ್ನು ಪಕ್ಕಕ್ಕೆ ಕರೆದು ಫೋಟೋ ತೋರಿಸಿದ. ಇದನ್ನು ಅವಳಿಗೆ ಮಾತ್ರ ತೋರಿಸಬೇಡಿ, ತೋರಿಸಿದರೆ ಒಂದು ಉತ್ತರ ಹೊಸೆದುಬಿಡುತ್ತಾಳೆ ಎಂದ. ತೀರ್ಪುಗಾರನಿಗೆ ಅದು ನ್ಯಾಯವಾಗಿಯೇ ಕಂಡಿತು. ಅವಳನ್ನು ಕರೆದು, ಯಾವ ದಾರಿಯಲ್ಲಿ ಬಂದೆ ಎಂದಷ್ಟೇ ಕೇಳಿದ.

“ಇವರ ಮುಂದ್ಗಡೆಯೇ ಬಂದೆ ಸ್ವಾಮಿ,” ಎಂದಳು. “ಇವರನ್ನೇ ಕೇಳಿ, ನನ್ನ ಬೆನ್ನು ನೋಡ್ಕೊಂಡೇ ಬಂದ್ರಲ್ಲ.”

ತಪ್ಪು ಮಾಡದವರು ಹೀಗೆ ತಮಾಷೆ ಮಾಡುವುದಿಲ್ಲ ಎಂದು ವಕೀಲ ತೀರ್ಪುಗಾರನ ಕಿವಿಯಲ್ಲಿ ಹೇಳಿದ. ಅವಳ ಹೆಸರು ಹೊಡೆದುಹಾಕಿದರು. ಎದೆಗೆ ಕಟ್ಟಿದ್ದ ಸಂಖ್ಯೆಯ ಬಟ್ಟೆ ಬಿಚ್ಚಿಸಿಕೊಂಡರು. ಇಳಿಯುವಾಗ ಗೇಟಿನ ಪಾಸನ್ನು ಒಪ್ಪಿಸಿ ಹೋಗಬೇಕು ಎಂದರು. ನಾನು ಮಾಡಿದ್ದೇನು ಎಂದು ಅವಳು ಕೇಳಿದಳು. ಬರಹದಲ್ಲಿ ತಿಳಿಸಲಾಗುವುದು ಎಂದರು. ನಾಳೆ ಗುಡಿಸಲಿಗೆ ನೀರು ಹೊರುವವರು ಯಾರು ಎಂದು ಕೇಳಿದಳು. ಅದಕ್ಕೆ ನಿಯಮಗಳಲ್ಲಿ ಉತ್ತರವಿರಲಿಲ್ಲ.

ಉಳಿದವರು ಒಬ್ಬೊಬ್ಬರಾಗಿ ಬಂದು ಕುಳಿತರು. ಎಲ್ಲರ ಹಿಂದೆ, ನಡೆದುಕೊಂಡು, ಕಾವಲುಗಾರ ಬಂದ. ಬಂದವನು ಯಾರನ್ನೂ ಮಾತನಾಡಿಸದೆ ಕುಳಿತವರ ಬೂಟಿನ ಅಡಿಗಳನ್ನು ನೋಡುತ್ತ ಹೋದ. ಯಾವ ಪ್ರಾಣಿ ಎತ್ತ ದಾಟಿತು ಎಂದು ತಿಳಿಯಲು ತಾನು ಹಾಸಿದ್ದ ಧೂಳನ್ನು ಯಾರೋ ತುಳಿದಿದ್ದಾರೆ, ಯಾರದು ಎಂದು ಗೊಣಗಿದ.

ವಕೀಲ ತಡಮಾಡಲಿಲ್ಲ. ಇನ್ನು ಮುಚ್ಚಿಡುವ ಕಾರಣವೂ ಇರಲಿಲ್ಲ. ಎಲ್ಲರ ಎದುರು ಫೋನ್ ತೆಗೆದು, ತುಳಿದವನು ನಾನು, ಈ ಹೆಂಗಸಿನ ಹೆಜ್ಜೆ ಎಲ್ಲಿದೆ ತೋರಿಸು ನೋಡೋಣ ಎಂದ.

ಕಾವಲುಗಾರ ಫೋಟೋವನ್ನು ಬಹಳ ಹೊತ್ತು ನೋಡಿದ.

“ತುಳಿಯಬೇಡಿ, ಹಾರಿ ಹೋಗಿ ಅಂತ ಗೇಟಿನ ಹತ್ರಾನೇ ಹೇಳಿದ್ದೆ ಸ್ವಾಮಿ,” ಎಂದ. “ಈಗ ಅಲ್ಲಿಂದಲೇ ಬಂದೆ. ಮೂವತ್ತೆಂಟು ಜನ ದಾಟಿದ್ದಾರೆ. ಈಗಲೂ ಇರೋದು ಇದೇ ಒಂದು ಜೊತೆ ಬೂಟು. ನಿಮ್ಮ ಲೆಕ್ಕದಲ್ಲಿ ಇವತ್ತು ಬೆಟ್ಟ ಹತ್ತಿದೋರು ನೀವೊಬ್ಬರೇ.”

ಕುಳಿತವರಲ್ಲಿ ಕೆಲವರು ನಕ್ಕರು. ತೀರ್ಪುಗಾರ ಸಂಖ್ಯೆಯ ಬಟ್ಟೆಯನ್ನು ತಾನೇ ಎದ್ದು ಹೋಗಿ ಅವಳ ಕೈಗೆ ಕೊಟ್ಟ. ಪಾಸು ಅವಳಲ್ಲೇ ಉಳಿಯಿತು. ವಕೀಲ ನಗಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಎಲ್ಲರೂ ಇಳಿಯತೊಡಗಿದ ಮೇಲೆ ಕಾವಲುಗಾರನನ್ನು ತಡೆದು, ಆ ಹೆಂಗಸಿಗೂ ನಿನಗೂ ಏನು ಸಂಬಂಧ ಎಂದು ಕೇಳಿದ. ಅವಳು ತಂದ ನೀರು ಕುಡಿಯುತ್ತೇನೆ ಎಂದ ಕಾವಲುಗಾರ. ವಕೀಲ ಅದನ್ನೂ ಬರೆದುಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಿತ್ತು. ಹಾಗಾದರೆ ವಕೀಲನ ಸಂಶಯ ಅತಿಯಾಯಿತು, ನಾನೂ ಹಾಗೆಯೇ ಅಂದುಕೊಂಡಿದ್ದೆ ಎಂದ.

ಅದಕ್ಕೆ ಗುರುಗಳು ಹೇಳಿದ್ದು ಒಂದೇ ಮಾತು.

“ಅತಿಯಾಗಲಿಲ್ಲ, ಸಾಲದಾಯಿತು; ತನಗೆ ಬೇಕಾದ ಸಾಕ್ಷಿ ಬಂದೊಡನೆ ಅದನ್ನು ಕುರ್ಚಿ ಹಾಕಿ ಕೂರಿಸಿದ, ಎಲ್ಲಿಂದ ಬಂದೆ ಎಂದು ಕೇಳಲಿಲ್ಲ.”