ಬಾಯಿ ಬಿಡದೆ ಒಪ್ಪಿಸಿದ ಕೆಲಸ

ತುಂಗಭದ್ರೆಯ ದಡದ ಒಂದು ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಬಿಟ್ಟು ಹೊರಡುವ ಶಿಷ್ಯ ತನ್ನ ಕೆಲಸವನ್ನು ಬಾಯಿ ಬಿಡದೆ ಒಪ್ಪಿಸಬೇಕು; ಇನ್ನೊಬ್ಬರು ಅದನ್ನು ಮಾಡಿ ನೋಡುವಾಗ ಪಕ್ಕದಲ್ಲಿ ನಿಂತಿರಬೇಕು, ಏನೂ ಹೇಳಿಕೊಡಬಾರದು. ಅಡುಗೆಯವನು ಡಬ್ಬಿಗಳನ್ನೂ ತೋಟದವನು ಕಾಲುವೆಗಳನ್ನೂ ಹಾಗೆಯೇ ಒಪ್ಪಿಸಿ ಹೋಗಿದ್ದರು.

ಈಗ ಕೊಟ್ರೇಶನ ಸರದಿ. ಅವನದು ಕಂಪ್ಯೂಟರಿನ ಕೆಲಸ. ತೀರಿಹೋದ ದೊಡ್ಡ ಗುರುಗಳ ಪ್ರವಚನಗಳ ಧ್ವನಿಯೆಲ್ಲ ಅದರಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಅದನ್ನು ನೋಡಿಕೊಳ್ಳಲು ಅವನೊಂದು ಸ್ಕ್ರಿಪ್ಟ್, ಅಂದರೆ ಚಿಕ್ಕ ಪ್ರೋಗ್ರಾಂ, ಬರೆದಿದ್ದ. ‘ಹೆಲ್ಪ್’ ಎಂದು ಟೈಪಿಸಿದರೆ ಅದರ ಆಯ್ಕೆಗಳು ಪರದೆಯ ಮೇಲೆ ಮೂಡುತ್ತಿದ್ದವು, ಒಂದೊಂದಕ್ಕೂ ಎರಡೇ ಪದದ ವಿವರಣೆ.

ಈಗಿನ ಗುರುಗಳನ್ನು ಎಲ್ಲರೂ ಅಜ್ಜ ಎನ್ನುತ್ತಿದ್ದರು. ಎರಡೇ ಪದ ಸಾಕೇನು ಎಂದು ಅಜ್ಜ ಮೊದಲೇ ಕೇಳಿದ್ದರು.

“ಮಾತು ಬೆಳ್ಳಿ, ಮೌನ ಬಂಗಾರ ಅಂತ ನೀವ ಕಲಿಸೀರಲ್ರಿ, ಅಜ್ಜಾರ.”

“ಬಂಗಾರ ಭಾಳ ಆತೇನೋ ತಮ್ಮಾ,” ಎಂದು ಅಜ್ಜ ನಕ್ಕಿದ್ದರು.

ಹೊರಡುವ ದಿನ ಬೆಳಿಗ್ಗೆ ಕೆಲಸ ಒಪ್ಪಿಸಿಕೊಳ್ಳಲು ಅಜ್ಜ ತಾವೇ ಕಂಪ್ಯೂಟರಿನ ಮುಂದೆ ಕೂತರು; ಕೊಟ್ರೇಶ ಹೆಗಲಿಗೆ ಚೀಲ ಹಾಕಿ ಪಕ್ಕದಲ್ಲಿ ನಿಂತ. ಡಿಸ್ಕ್ ತುಂಬಿತ್ತು. ಕನ್ನಡಕ ಏರಿಸಿ ಹೆಲ್ಪ್ ಓದಿದರು. ‘-ಜೆ: ಜಾಗ ಉಳಿತಾಯ’ ಎಂದಿತ್ತು. ಅವರಿಗೆ ಬೇಕಾದದ್ದೇ ಅದು. ಒಂದೊಂದೇ ಅಕ್ಷರ ಹುಡುಕಿ ಟೈಪಿಸಿದರು. ಬೆರಳು ಎಂಟರ್ ಕಡೆ ಹೋಯಿತು.

ಕೊಟ್ರೇಶ ಪದ್ಧತಿ ಮುರಿದು ಅವರ ಕೈ ಹಿಡಿದುಬಿಟ್ಟ.

“ಬ್ಯಾಡ್ರಿ ಅಜ್ಜಾರ. ಅದು ಧ್ವನಿ ಮಂಕಾದ ಸಣ್ಣ ನಕಲು ಮಾಡಿ, ಮೂಲ ಧ್ವನೀನ ಅಳಿಸಿಬಿಡ್ತೈತ್ರಿ.”

“ಹಂಗಂತ ಬರದಿಲ್ಲಲ್ಲೋ.”

“ನನಗ ಗೊತ್ತಿತ್ರಿ.”

ಅಜ್ಜ ಕೈ ಎಳೆದುಕೊಳ್ಳಲಿಲ್ಲ. ಅವನ ಕೈಯ ಮೇಲೆ ಇನ್ನೊಂದು ಕೈ ಇಟ್ಟರು.

“ನಾಳೆ ಈ ಕೈ ಯಾರು ಹಿಡೀತಾರ?”

ಕೊಟ್ರೇಶನ ಕಣ್ಣು ತುಂಬಿ ಬಂತು. ಹೆಗಲ ಚೀಲ ಕೆಳಗಿಟ್ಟು ಬರೆಯಲು ಕೂತ. ಬೆಳಗಿನ ಬಸ್ಸು ಹೋಯಿತು.

‘-ಜೆ: ಡಿಸ್ಕ್ ತುಂಬಿದಾಗ ಮಾತ್ರ ಬಳಸಿ. ಪ್ರವಚನಗಳ ಸಣ್ಣ ನಕಲು ಮಾಡಿ, ಮೂಲವನ್ನು ಅಳಿಸುತ್ತದೆ. ಅಳಿಸಿದ್ದು ಮತ್ತೆ ಸಿಗುವುದಿಲ್ಲ. ಮೊದಲು ಮೂಲವನ್ನು ಬೇರೆ ಡಿಸ್ಕಿಗೆ ತುಂಬಿಕೊಳ್ಳಿ. ಹೇಗೆಂದರೆ...’ ಎಂದು ಆರಂಭಿಸಿ ಒಂದು ಉದಾಹರಣೆಯನ್ನೂ ಕೊಟ್ಟ. ಉಳಿದ ಆಯ್ಕೆಗಳಿಗೂ ಹೀಗೆಯೇ ಬರೆದು ಮುಗಿಸುವಾಗ ಮಧ್ಯಾಹ್ನವಾಗಿತ್ತು.

ಅಜ್ಜ ಮತ್ತೆ ಬಂದು ಕೂತರು. ತುಟಿ ಅಲ್ಲಾಡಿಸುತ್ತ ಓದಿದರು. ‘-ಜೆ’ ಬಂದಾಗ ನಿಂತು, ಕಪಾಟಿನಿಂದ ಇನ್ನೊಂದು ಡಿಸ್ಕ್ ತಂದರು. ಕೊಟ್ರೇಶ ಬಾಯಿ ಬಿಡದೆ ಪಕ್ಕದಲ್ಲೇ ನಿಂತಿದ್ದ.

ಅಜ್ಜ ಕನ್ನಡಕ ತೆಗೆದು ಅವನ ಮುಖ ನೋಡಿದರು.

“ಈ ಸಲ ನೀ ನನ್ನ ಕೈ ಹಿಡೀಲಿಲ್ಲ ನೋಡು. ಇನ್ನ ಹೋಗಿ ಬಾ, ತಮ್ಮಾ.”