ಮುಟ್ಟಿದ್ರೆ ಆರೋಗ್ತಿದ್ದ ಬಿಂಗೋ ಪೆಟ್ಟಿಗೆ

ಅರಸೀಕೆರೇಲಿ ಕಾಳಾಚಾರಿ ಅಂತ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನ ಕಣ್ಣು ಎಷ್ಟು ಚುರುಕು ಅಂದ್ರೆ, ಎದುರು ಗೋಡೆ ಮೇಲೆ ಇರುವೆ ಕುಂಟ್ಕೊಂಡು ಹೋಗ್ತಿದ್ರೆ ಯಾವ ಕಾಲು ನೋಯ್ತಿದೆ ಅಂತ ಕೂತಲ್ಲಿಂದ್ಲೇ ಹೇಳೋನು. ನಂಬಿಕೆ ಇಲ್ದೋರು ಹೋಗಿ ಆ ಇರುವೇನೇ ಕೇಳ್ಕೊಳ್ಳಿ.

ಕಣ್ಣು ಹೆಂಗೋ ಕೋಪಾನೂ ಹಂಗೆ, ಮೂಗಿನ ತುದೀಲೇ ಇರೋದು. "ಏನಾಚಾರಿ, ಸೊರಗಿದ್ದೀಯಲ್ಲ" ಅಂದೋರ ಜೊತೆ ಒಂದು ತಿಂಗಳು ಮಾತು ಬಿಡೋನು. "ದಪ್ಪ ಆಗಿದ್ದೀಯಲ್ಲ" ಅಂದೋರ ಜೊತೆ ಎರಡು ತಿಂಗಳು. ಮದುವೆ ಮಾಡ್ಕೊಳ್ಳಿಲ್ಲ. ಹೆಣ್ಣು ನೋಡೋಕೆ ಹೋದಾಗ ಯಾರೋ ನಕ್ಕರು ಅಂತ ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದ. ಜನ ಮೊಬೈಲಲ್ಲೇ ಟೈಮ್ ನೋಡೋಕೆ ಶುರು ಮಾಡಿದ ಮೇಲಂತೂ ಗಿರಾಕಿಗಳೂ ನಿಂತೋದ್ರು. ಅಂಗಡಿ ತುಂಬ ಗಡಿಯಾರ. ಎಲ್ಲಾ ಟಿಕ್ ಟಿಕ್ ಅಂತಾವೆ, ಒಂದಾದ್ರೂ "ಊಟ ಆಯ್ತಾ" ಅಂತ ಕೇಳುತ್ತಾ? ಇಲ್ಲ. ರೈಲ್ವೆ ಸ್ಟೇಷನ್ ಮೈಕಲ್ಲಿ ಆ ಹೆಂಗಸು "ಪ್ರಯಾಣಿಕರೇ, ದಯವಿಟ್ಟು ಗಮನಿಸಿ" ಅಂದ್ರೆ ಇವನು ಅಂಗಡೀಲಿ ಕೂತ್ಕೊಂಡು "ಹೇಳಿ ತಾಯಿ" ಅನ್ನೋನು. ಇಡೀ ದಿನಕ್ಕೆ ಅವನ ಮಾತು ಅಷ್ಟೇ.

ಹಿಂಗಿರ್ತಾ ಒಂದಿನ ಗುಜರಿ ಅಂಗಡೀಲಿ ಅವನಿಗೆ ಒಂದು ಹಳೇ ಬಿಂಗೋ ಪೆಟ್ಟಿಗೆ ಕಾಣಿಸ್ತು. ಯಾವುದೋ ಮುಚ್ಚಿಹೋದ ಕ್ಲಬ್ಬಿಂದು. ಮಂಚದಷ್ಟು ಉದ್ದ, ನಾಲ್ಕು ಕಾಲು, ಮೇಲೆ ಗಾಜು. ಗಾಜಿನ ಕೆಳಗೆ ಇಳಿಜಾರು ಹಲಗೆ, ಹಲಗೆ ತುಂಬ ನಂಬರ್ ಬರೆದಿರೋ ತೂತು. ಸ್ಪ್ರಿಂಗಿನ ಕಡ್ಡಿ ಎಳೆದು ಬಿಟ್ರೆ ಗುಂಡು ಮೇಲಕ್ಕೆ ಹಾರಿ, ಉರುಳ್ಕೊಂಡು ಬಂದು ಯಾವುದೋ ತೂತಿಗೆ ಬೀಳುತ್ತೆ. ಬಿದ್ದ ನಂಬರು ಎದುರಿನ ಬೋರ್ಡಲ್ಲಿ ಹೊತ್ಕೊಳ್ಳುತ್ತೆ. ಒಂದೇ ಸಾಲಲ್ಲಿ ಮೂರು ಹೊತ್ತಿದ್ರೆ ಗೆಲುವು, ಗಂಟೆ ಬಾರಿಸುತ್ತೆ.

'ಇದನ್ನ ಸರಿ ಮಾಡಿ ಇಟ್ರೆ ಸಾಯಂಕಾಲ ನಾಲ್ಕು ಜನ ಬಂದು ನಿಂತ್ಕೋತಾರೆ' ಅನ್ಕೊಂಡ ಕಾಳಾಚಾರಿ. ಅವನಿಗೆ ಬೇಕಿದ್ದಿದ್ದು ಅಷ್ಟೇ, ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ.

ತಂದು ಬಿಚ್ಚಿದ. ಒಳಗಡೆ ಹೆಗ್ಗಣಗಳು ಮಕ್ಕಳು ಮೊಮ್ಮಕ್ಕಳ ಸಮೇತ ಸಂಸಾರ ಹೂಡಿದ್ವು. ಇದ್ದ ವೈರನ್ನೆಲ್ಲ ನೆಟ್ಟಗೆ ಎಳೆದಿದ್ರೆ ಬಾಣಾವರ ಮುಟ್ಟಿ ವಾಪಸ್ ಬರೋದು. ಒಂದೊಂದು ವೈರನ್ನೂ ಹಿಡ್ಕೊಂಡು ಅದರ ಹುಟ್ಟೂರು ವಿಚಾರಿಸಿದ. ಕರೀ ಕಟ್ಟಿದ್ದ ತಾಮ್ರನೆಲ್ಲ ಉಜ್ಜಿದ. ಸುಟ್ಟೋಗಿದ್ದ ತಂತಿ ಸುರುಳಿ ಮತ್ತೆ ಸುತ್ತಿದ.

ಎದುರು ಅಂಗಡಿ ಸೋಡಾ ಬಾಬಾಜಾನ್ ಬಂದು ಇಣುಕಿ ನೋಡಿದ. "ಏನಾಚಾರಿ, ಮಂಚಕ್ಕೂ ಕರೆಂಟು ಕೊಡ್ತಿದ್ದೀಯಾ? ಚಳಿ ಅಷ್ಟಿದ್ಯಾ?"

"ಇದು ಬಿಂಗೋ. ಗುಂಡುಗಳೇ ಕಳೆದೋಗಿವೆ."

"ನಮ್ಮ ಸೋಡಾ ಗೋಲಿ ಹಾಕೋ. ಗೆದ್ದೋನಿಗೆ ತೇಗಾದ್ರೂ ಬರ್ಲಿ."

ಆಚಾರಿಗೆ ಸಿಟ್ಟು ಬಂತು. ಆದ್ರೂ ನುಂಗ್ಕೊಂಡು ಬೇರಿಂಗಿನ ಗುಂಡು ತಂದು ಹಾಕಿದ. ಸ್ವಿಚ್ ಹಾಕಿದ್ದೇ ತಡ, ಪೆಟ್ಟಿಗೆ ಹೊಸ ಮದುವಣಗಿತ್ತಿ ಥರ ಝಗ್ ಅಂತು.

ಜನ ಬಂದ್ರು. ಬಾಬಾಜಾನ್ ಬಂದ, ಹೂವಿನ ಅಂಗಡಿ ನಂಜಮ್ಮ ಬಂದ್ಲು, ಆಟೋದೋರು ಬಂದ್ರು. ಗುಂಡು ತೂತಿನ ಅಂಚಿಗೆ ಬಂದು ವಾಲಾಡಿದ್ರೆ ಸಾಕು, ಬೇಕಾದ ತೂತಿಗೇ ಬೀಳ್ಲಿ ಅಂತ ಪೆಟ್ಟಿಗೆಗೆ ಒಂದು ಗುದ್ದು ಕೊಡೋರು. ನಂಜಮ್ಮ ಸೊಂಟದಲ್ಲೇ ಒತ್ತೋಳು. ಒಳಗಡೆ ಗಾರೆಯವರ ತೂಗುಗುಂಡಿನ ಥರ ಇನ್ನೊಂದು ಗುಂಡು ಒಂದು ಲೋಹದ ಬಳೆಯೊಳಗೆ ನೇತಾಡ್ತಿರುತ್ತೆ. ಜಾಸ್ತಿ ತಳ್ಳಿದ್ರೆ ಅದು ಬಳೆಗೆ ತಾಗಿ ಕೆಂಪು ದೀಪ ಹೊತ್ಕೊಂಡು ಆಟ ಆರೋಗುತ್ತೆ. ಕಮ್ಮಿ ತಳ್ಳಿದ್ರೆ ಏನೂ ಆಗಲ್ಲ.

ಗುದ್ದು ಬಿದ್ದಾಗೆಲ್ಲ ಕಾಳಾಚಾರಿ ಪೆಟ್ಟಿಗೆಗೆ ಗೀರು ಬಿತ್ತಾ ಅಂತ ಬಗ್ಗಿ ನೋಡೋನು. ಅವನು ಗಡಿಯಾರದೋನು, ಅವನ ಲೆಕ್ಕದಲ್ಲಿ ಸಂದು ಅಂದ್ರೆ ಕೂದಲೆಳೆ. ಪೆಟ್ಟಿಗೆ ತೆಗೆದು, ಆ ನೇತಾಡೋ ಗುಂಡಿಗೂ ಬಳೆಗೂ ನಡುವೆ ಲೇಡೀಸ್ ವಾಚಿನೊಳಗೆ ಬಿಡೋವಷ್ಟು ಸಂದು ಬಿಟ್ಟ. "ಈಗ ಮುಟ್ಟಿ ನೋಡೋಣ" ಅಂತ ಕೈ ಕಟ್ಕೊಂಡು ನಿಂತ.

ಮುಟ್ಟೋದೇ ಬೇಡ, ನಂಜಮ್ಮ ಕೆಮ್ಮಿದ್ಲು, ಆರೋಯ್ತು. ಬೀದೀಲಿ ಲಾರಿ ಹೋಯ್ತು, ಆರೋಯ್ತು. ಬಾಬಾಜಾನ್ ನಕ್ಕ, ಆಗ್ಲೂ ಆರೋಯ್ತು.

"ಪೆಟ್ಟಿಗೆ ಥೇಟ್ ನಿನ್ನ ಹಂಗೇ ಕಣೋ ಆಚಾರಿ" ಅಂದ ಬಾಬಾಜಾನ್. "ಯಾರು ಏನಂದ್ರೂ ಕೆಂಪು ದೀಪ."

"ಆಚೆ ನಡಿ."

"ಅಲ್ಲಯ್ಯಾ, ತಮಾಷೆಗೆ..."

"ನಡಿ ಅಂದೆ!"

ಬಾಬಾಜಾನ್ ಚಪ್ಪಲಿ ಮೆಟ್ಕೊಂಡು ಹೋದ. ನಂಜಮ್ಮ ಹೋದ್ಲು. ಆಟೋದೋರಂತೂ ಆ ಕಡೆ ಹಾರ್ನ್ ಹೊಡೆಯೋದೂ ಬಿಟ್ರು.

ಪೆಟ್ಟಿಗೆ ಒಂದು ಗೀರೂ ಇಲ್ದೆ ಫಳಫಳ ಅಂತಿತ್ತು. ಕಾಳಾಚಾರಿ ಒಬ್ಬನೇ ಕಡ್ಡಿ ಎಳೆದು ಆಡಿದ. ಗುಂಡು ಉರುಳೋದು, ಅಂಚಿಗೆ ಬಂದು ಯೋಚನೆ ಮಾಡೋದು, ಪಕ್ಕದ ತೂತಿಗೆ ಬೀಳೋದು. ಅವನು ಉಸಿರು ಬಿಗಿ ಹಿಡ್ಕೊಂಡು ಕಂಬದ ಥರ ನಿಲ್ಲೋನು. ದಿನಾ ಸೋತ. ಸೋತು ಸೋತು ಅವನಿಗೆ ಒಂದು ವಿಷಯ ಹೊಳೀತು. ಕಡ್ಡಿ ಎಳೆಯೋದು ಯಾರು ಬೇಕಾದ್ರೂ ಎಳೀತಾರೆ. ಆಟ ಇರೋದೇ ಆ ಸಣ್ಣ ತಳ್ಳಾಟದಲ್ಲಿ. ತಳ್ಳಾಟ ಬೇಡ ಅಂದ್ರೆ ಇದು ಬರೀ ಗುಂಡು ಬೀಳಿಸೋ ಪೆಟ್ಟಿಗೆ.

ಮನಸ್ಸಿಲ್ಲದ ಮನಸ್ಸಿಂದ ಸಂದು ಅಗಲ ಮಾಡಿದ. ಅಂಗೈ ಬುಡದಲ್ಲಿ ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಅಂತ ಕಲಿಯೋಕೆ ಹೊರಟ. ಜಾಸ್ತಿ ತಳ್ಳಿ ಆರಿಸ್ಕೊಂಡ, ಕಮ್ಮಿ ತಳ್ಳಿ ಸೋತ. ಒಂದು ಸಾಯಂಕಾಲ ಗುಂಡು ಅಂಚಲ್ಲಿ ವಾಲಾಡ್ತು. ಮೆಲ್ಲಗೆ ಒಂದು ಒತ್ತು ಕೊಟ್ಟ. ಟಪ್! ಸಾಲಾಗಿ ಮೂರು ದೀಪ. ಗಂಟೆ ಹೊಡ್ಕೊಂಡಿದ್ದು ಹಾಸನಕ್ಕೂ ಕೇಳಿಸ್ತು.

"ನೋಡಿದ್ಯಾ!" ಅಂತ ಕೂಗಿ ಹಿಂದಕ್ಕೆ ತಿರುಗಿದ.

ಯಾರೂ ಇಲ್ಲ.

ಗಂಟೆ ಹೊಡೀತಾನೇ ಇತ್ತು. ಗೆದ್ದ ಕೈ ಗಾಳೀಲೇ ನಿಂತಿತ್ತು. ಸೋತ ದಿನಗಳಲ್ಲಿ ಕೂಡ ಅವನಿಗೆ ಅಂಗಡಿ ಅಷ್ಟು ಖಾಲಿ ಅನ್ನಿಸಿರ್ಲಿಲ್ಲ.

ಚಪ್ಪಲಿ ಮೆಟ್ಟಿ ರಸ್ತೆ ದಾಟಿದ. ಬಾಬಾಜಾನ್ ಬಾಟಲಿ ತೊಳೀತಿದ್ದ. ತಲೆ ಎತ್ತದೇನೇ ಶುರು ಮಾಡಿದ:

"ಓಹೋ, ಮಹಾರಾಜರು! ನಮ್ಮಂಥೋರ ಅಂಗಡಿಗೆ? ನಿಂತ್ಕೊಳ್ಳಿ, ಉಸಿರಾಡೋಕೆ ಅಪ್ಪಣೆ ಕೊಟ್ಟು ಆಮೇಲೆ ಮಾತಾಡಿ."

ಕಾಳಾಚಾರಿ ಕಿವಿ ಕೆಂಪಾಯ್ತು. ಕಾಲು ತಾನಾಗೇ ಅಂಗಡಿ ಕಡೆ ತಿರುಗ್ತು. ಒಂದು ಹೆಜ್ಜೆ ಹಾಕಿದ್ರೆ ಅವತ್ತಿಗೂ ಮುಗೀತು, ಮುಂದಕ್ಕೂ ಮುಗೀತು. ಅದು ಅವನಿಗೂ ಗೊತ್ತಿತ್ತು. ಹಲ್ಲು ಕಚ್ಕೊಂಡು ಅಲ್ಲೇ ನಿಂತ.

"ಇನ್ನೂ ಬೈಯೋದಿದ್ಯಾ?" ಅಂದ.

"ಬೇಕಾದಷ್ಟಿದೆ."

"ಹಂಗಾದ್ರೆ ನಮ್ಮ ಅಂಗಡಿಗೆ ಬಂದು ಬೈಯಿ. ಆಡ್ಕೊಂಡು ಬೈಯಿ. ಪೆಟ್ಟಿಗೇನೂ ಗುದ್ದು."

ಬಾಬಾಜಾನ್ ಆಗ ತಲೆ ಎತ್ತಿ ನೋಡಿದ. ಕೈ ಒರೆಸ್ಕೊಂಡ. ಬಂದ. ಅವತ್ತು ಅಂಗಡಿ ಮುಚ್ಚೋವರೆಗೂ ಪೆಟ್ಟಿಗೆ ಗುದ್ದಿದ, ಆಚಾರಿಯ ಮೂಗು, ಮೀಸೆ, ಅರ್ಧಕ್ಕೆ ಬಿಟ್ಟ ಉಪ್ಪಿಟ್ಟು, ಯಾವುದನ್ನೂ ಬಿಡದೆ ಆಡ್ಕೊಂಡ. ಬೇರೆ ಯಾರೂ ತಿರುಗಿ ಬರ್ಲಿಲ್ಲ, ನಂಜಮ್ಮಾನೂ ಬರ್ಲಿಲ್ಲ. ಬಾಗಿಲಲ್ಲಿ ಅವನದು ಬಿಟ್ರೆ ಇದ್ದಿದ್ದು ಒಂದೇ ಜೊತೆ ಚಪ್ಪಲಿ. ಕಾಳಾಚಾರಿ ಅದನ್ನ ಆಗಾಗ ಬಗ್ಗಿ ನೋಡ್ತಾನೇ ಇದ್ದ.

ನೀತಿ: ತನಗೆ ಒಂದು ಗೀರೂ ಬೀಳಬಾರದು ಅನ್ನೋನ ಜೊತೆ ಯಾರೂ ಆಡಲ್ಲ. ಜನ ಬೇಕು ಅಂದ್ರೆ ಅವರ ಸಣ್ಣಪುಟ್ಟ ಗುದ್ದನ್ನೂ ತಡ್ಕೋಬೇಕು. ತಡ್ಕೊಳ್ಳೋದು ತಡ ಆದಷ್ಟೂ ತಿರುಗಿ ಬರೋರು ಕಮ್ಮಿ.