ನಿಂಬೆಹಣ್ಣು ಮತ್ತು ಗೇರಿನ ಗುಂಡು

ದುಗ್ಗೇಶ ಮೇಸ್ತ್ರಿಯ ಗ್ಯಾರೇಜಿನಲ್ಲಿ ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದು ರಿಪೇರಿ ಮುಗಿದು ಪೂಜೆಗೆ ನಿಂತಿತ್ತು. ಮುಂದಿನ ಚಕ್ರದ ಎದುರಿಗೆ ನಿಂಬೆಹಣ್ಣು ಇಟ್ಟಾಗಿತ್ತು.

ಗೇರ್ ಕಡ್ಡಿಯ ತುದಿಯಲ್ಲಿದ್ದ ಹೊಳೆಯುವ ಗುಂಡು ನಿಂಬೆಹಣ್ಣಿಗೆ ಹೇಳಿತು: "ದೇವರನ್ನು ನೆನೆಸಿಕೋ. ನಾನು ಒಂದನೇ ಗೇರ್ ಅಂದರೆ ಗಾಡಿ ಮುಂದಕ್ಕೆ, ನೀನು ಅಪ್ಪಚ್ಚಿ."

ಗುಂಡಿನ ಅಪ್ಪಣೆಯನ್ನು ಗೇರ್ ಬಾಕ್ಸಿಗೆ ಮುಟ್ಟಿಸುವ ಕಂಬಿ ಕಾರಿನ ಹೊಟ್ಟೆಯಡಿಯಿಂದ ಗೊಣಗಿತು: "ಗುಂಡಣ್ಣ, ಮೇಸ್ತ್ರಿ ಅವಸರದಲ್ಲಿ ನನ್ನನ್ನು ತಲೆಕೆಳಗಾಗಿ ಕೂರಿಸಿದ್ದಾನೆ. ನೀನು ಮುಂದೆ ಅಂದರೆ ಅದು ಹಿಂದೆ ಅಂತ ಮುಟ್ಟುತ್ತೆ. ಸ್ವಲ್ಪ ಬಿಗಿಯಾಗಿ ನಿಂತುಕೋ, ಅವನಿಗೆ ಅನುಮಾನ ಬರಲಿ."

"ಮೈಗೆಲ್ಲ ಗ್ರೀಸು ಮೆತ್ತಿಕೊಂಡವನ ಬುದ್ಧಿವಾದ ನನಗೆ ಬೇಡ," ಎಂದಿತು ಗುಂಡು. "ಒಂದು, ಎರಡು, ಮೂರು ಅಂತ ಬರೆದಿರುವುದು ನನ್ನ ತಲೆಯ ಮೇಲೆ, ನಿನ್ನ ತಲೆಯ ಮೇಲಲ್ಲ."



ಮೇಸ್ತ್ರಿ ಒಂದನೇ ಗೇರ್ ಹಾಕಿ ಕ್ಲಚ್ ಬಿಟ್ಟ. ಕಾರು ಹಿಂದಕ್ಕೆ ನೆಗೆದು ನೀರಿನ ಡ್ರಮ್ಮಿಗೆ ಗುದ್ದಿತು. ನೆರೆದವರು ನಕ್ಕರು. ತಪ್ಪು ತನ್ನದೆಂದು ಒಪ್ಪದ ಮೇಸ್ತ್ರಿ ಸಿಟ್ಟಿನಿಂದ ಗುಂಡನ್ನೇ ತಿರುಚಿ ಕಿತ್ತು ಆಚೆ ಎಸೆದ. ಅದು ಉರುಳುತ್ತಾ ಬಂದು ನಿಂಬೆಹಣ್ಣಿನ ಪಕ್ಕ ನಿಂತಿತು.

"ಬಾ ಗುಂಡಣ್ಣ," ಎಂದಿತು ನಿಂಬೆಹಣ್ಣು. "ಇಲ್ಲಿ ಜಾಗ ಬೇಕಾದಷ್ಟಿದೆ."

ಆಮೇಲೆ ಮೇಸ್ತ್ರಿ ಕಾರಿನಡಿ ತೂರಿ, ನಾಲಿಗೆ ಕಚ್ಚಿಕೊಂಡು, ಕಂಬಿಯನ್ನು ತಿರುಗಿಸಿ ಹಾಕಿದ. ಗುಂಡನ್ನೂ ಒರೆಸಿ ಕೂರಿಸಿದ. ನಿಂಬೆಹಣ್ಣು ಮತ್ತೆ ಚಕ್ರದ ಎದುರಿಗೆ ಬಂತು.

ಈ ಸಲ ಗುಂಡು ತಗ್ಗಿದ ದನಿಯಲ್ಲಿ ಕೇಳಿತು: "ಕಂಬಿಯಣ್ಣ, ಸರಿಯಾಗಿ ಕೂತಿದ್ದೀಯಾ?"

"ಕೂತಿದ್ದೀನಿ."

ನಿಂಬೆಹಣ್ಣು ನಿಟ್ಟುಸಿರು ಬಿಟ್ಟಿತು: "ಇವನು ಕೇಳುವುದನ್ನು ಕಲಿತುಬಿಟ್ಟ. ಇನ್ನು ನನಗೆ ಉಳಿಗಾಲವಿಲ್ಲ."